ಗದ್ದೆಗೆ ಊಟ ತಂದವರು

ನಮ್ಮ ಅತ್ತೆಯ ಎಡ ಮುಂಗೈಗೆ ಕಿವಿಯಿಟ್ಟರೆ ಗುಂಯ್ ಎಂಬ ಸದ್ದು ಕೇಳಿಸುತ್ತಿತ್ತು. ಡಯಾಲಿಸಿಸ್ಸಿಗೆಂದು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದ ಜಾಗ ಅದು. ಬೆರಳು ದಪ್ಪಕ್ಕೆ ಉಬ್ಬಿಕೊಂಡು ಮಣಿಕಟ್ಟಿನಿಂದ ಮೊಣಕೈವರೆಗೆ ಹಗ್ಗದ ಹಾಗೆ ಹಾದುಹೋಗಿತ್ತು. ಹೊಸಬರು ನೋಡಿದರೆ ಮುಖ ತಿರುಗಿಸುತ್ತಿದ್ದರು. ನನ್ನ ಮಕ್ಕಳಿಗೆ ಮಾತ್ರ ಅದೊಂದು ಆಟದ ಸಾಮಾನು. ಶಾಲೆಯಿಂದ ಬಂದವರೇ ಸರದಿಯಲ್ಲಿ ಕಿವಿಯಿಟ್ಟು, ಅಜ್ಜಿಯ ಮೋಟರ್ ಓಡ್ತಿದೆ ಎಂದು ಸಾರುತ್ತಿದ್ದರು. ಅತ್ತೆ ಕೈಯನ್ನು ಕದಲಿಸದೆ ಕೂತಿದ್ದು, ಕರೆಂಟ್ ಹೋಗೋದರೊಳಗೆ ಇಬ್ಬರೂ ಕೇಳಿಕೊಳ್ಳಿ ಎನ್ನುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಕ್ಕಪಕ್ಕದಲ್ಲಿ ತಮಿಳು, ತೆಲುಗು ಮಾತಾಡುವವರು. ಅಪ್ಪ ಪಾಳಿ ಮುಗಿಸಿ ಬಂದ ಹೊತ್ತೇ ನಮ್ಮ ಊಟದ ಹೊತ್ತು. ಅಕ್ಕಿ ಅಂಗಡಿಯಿಂದ ಬರುತ್ತದೆ ಎಂಬುದಕ್ಕಿಂತ ಹೆಚ್ಚೇನನ್ನೂ ನಾನು ಅದರ ಬಗ್ಗೆ ಯೋಚಿಸಿದವಳಲ್ಲ. ಅತ್ತೆಯೋ ಮಲವಗೊಪ್ಪದ ಕಡೆ ಭದ್ರಾ ನಾಲೆಯ ನೀರಿನ ಗದ್ದೆಯಲ್ಲಿ ಸೊಂಟ ಬಗ್ಗಿಸಿ ದುಡಿದವರು. ಅಡುಗೆಮನೆಯಲ್ಲಿ ನಾನು ತಡ ಮಾಡಿದಾಗಲೆಲ್ಲ, ಫ್ಯಾಕ್ಟರಿ ಸೈರನ್ ಕೇಳಿ ಉಂಡವಳಿಗೆ ಹಸಿವು ಗೊತ್ತಾಗೋದು ಹೇಗೆ ಎಂದು ಛೇಡಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ನಮ್ಮಿಬ್ಬರ ಮಾತು ಕೇಳಿದವರು ಜಗಳವೆಂದೇ ತಿಳಿಯುತ್ತಿದ್ದರು. ನನ್ನ ಗಂಡ ಪೇಪರ್ ಹಿಡಿದುಕೊಂಡು ಬಾಲ್ಕನಿಗೆ ಹೋಗಿಬಿಡುತ್ತಿದ್ದರು.

ಆ ಗದ್ದೆ ಈಗಿಲ್ಲ. ದಾಯಾದಿಗಳೆಲ್ಲ ಸೇರಿ ಮಾರಿದರು, ಲೇಔಟ್ ಆಯಿತು, ನಾವು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದೆವು. ಅತ್ತೆ ಅದಕ್ಕಾಗಿ ಅತ್ತದ್ದನ್ನು ನಾನು ನೋಡಿಲ್ಲ. ನನ್ನ ತವರಿಗೆ ಹೋಗುವಾಗ ಮಲವಗೊಪ್ಪ ದಾಟುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ಕೈ ತೋರಿಸಿ, ಅದು ನಮ್ಮ ಮೂಲೆ ಗದ್ದೆ, ಈಗ ಯಾರದೋ ಬಾತ್‌ರೂಮು ಎಂದು ನಗುತ್ತಿದ್ದರು. ಆದರೆ ವರ್ಷಕ್ಕೊಂದು ದಿನ ಅವರಿಗೆ ನಗು ಬರುತ್ತಿರಲಿಲ್ಲ. ಅದು ಭೂಮಿ ಹುಣ್ಣಿಮೆ.

ದಸರೆ ಕಳೆದು ಬರುವ ಆ ಹುಣ್ಣಿಮೆಯ ಹೊತ್ತಿಗೆ ಭತ್ತ ಇನ್ನೂ ಹೊರಬರದ ತೆನೆಯನ್ನು ಒಡಲಲ್ಲಿಟ್ಟುಕೊಂಡು, ಹೊಡೆ ತುಂಬಿ ನಿಂತಿರುತ್ತದೆ. ಈ ಕಡೆಯ ಒಕ್ಕಲು ಮನೆಗಳಲ್ಲಿ ಅಂದು ಗದ್ದೆಗೆ ಬಸುರಿಯ ಬಯಕೆ ಊಟ. ಸಿಕ್ಕಿದ ಸೊಪ್ಪು, ಕುಡಿ, ತರಕಾರಿಗಳನ್ನೆಲ್ಲ ಒಟ್ಟಿಗೆ ಬೇಯಿಸಿ ಅನ್ನಕ್ಕೆ ಬೆರೆಸಿದರೆ ಅದೇ ಹಚ್ಚಂಬಲಿ. ಅದರ ಜೊತೆಗೆ ಕಡುಬು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿಟ್ಟು, ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಪೈರಿಗೆ ಉಣ್ಣಿಸಿ, ಅಲ್ಲೇ ಕೂತು ತಾವೂ ಉಂಡು ಬರಬೇಕು. ಗದ್ದೆ ಹೋದ ಮೇಲೆ ಅತ್ತೆ ಆ ದಿನ ಒಂದು ಕಡುಬನ್ನು ತಾರಸಿಯ ಗುಲಾಬಿ ಕುಂಡಕ್ಕೆ ಹಾಕಿ ಬರುತ್ತಿದ್ದರು. ಕೆಳಗಿಳಿದ ಮೇಲೆ ಯಾರೊಂದಿಗೂ ಮಾತಿಲ್ಲ. ಗುಲಾಬಿಗೆ ಏನು ಬಯಕೆ ಇರುತ್ತೆ ಎಂದು ನಾನೊಮ್ಮೆ ತಮಾಷೆ ಮಾಡಿದೆ. ಅತ್ತೆ ತಟ್ಟೆ ತೊಳೆದಿಟ್ಟು ಕೋಣೆಗೆ ಹೋದರು.

ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಆಸ್ಪತ್ರೆ. ಕುಡಿಯುವ ನೀರಿಗೂ ಅಳತೆ. ತರಕಾರಿಯನ್ನು ಹೆಚ್ಚಿ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಿ, ಆ ನೀರನ್ನೂ ಚೆಲ್ಲಿ ತಿನ್ನಬೇಕು. ಸೊಪ್ಪಂತೂ ಕೂಡದು. ರುಚಿಯನ್ನೆಲ್ಲ ಬಚ್ಚಲಿಗೆ ಉಣ್ಣಿಸಿ ನಾನು ಚರಟ ತಿಂತಿದೀನಿ ಎಂದು ಅವರು ಗೊಣಗುತ್ತಿದ್ದದ್ದು ನಿಜ. ಆದರೆ ಒಂದು ದಿನವೂ ಆಸ್ಪತ್ರೆ ತಪ್ಪಿಸಿದವರಲ್ಲ. ಪಕ್ಕದ ಹಾಸಿಗೆಯವರ ಊರು, ಅಲ್ಲಿನ ಮಳೆ, ಅವರ ಬೆಳೆ ಎಲ್ಲ ವಿಚಾರಿಸಿಕೊಂಡು, ವಾಪಸು ಬರುವಾಗ ಆಟೋದಲ್ಲಿ ನನಗೆ ಅರ್ಧ ಜಿಲ್ಲೆಯ ಸುದ್ದಿ ಹೇಳುತ್ತಿದ್ದರು. ನನಗೆ ಬೇಕಾಗಿರಲಿಲ್ಲ, ಆದರೂ ಕೇಳುತ್ತಿದ್ದೆ.

ಒಂದು ವರ್ಷ ಮಳೆಗಾಲದಲ್ಲಿ ಡಾಕ್ಟರು ಹೃದಯವೂ ಸೋತಿದೆ ಎಂದರು. ನಮ್ಮನ್ನು ಹೊರಗೆ ಕರೆದು ಹೇಳಲು ಎದ್ದರೆ ಅತ್ತೆ ಇಲ್ಲೇ ಹೇಳಿ ಎಂದು ಕೂರಿಸಿಕೊಂಡು ಪೂರ್ತಿ ಕೇಳಿದರು. ಆ ಸಂಜೆ ಊಟಕ್ಕೆ ಕೂತಾಗ ನನಗೂ ತಮ್ಮ ಮಗನಿಗೂ ಸೇರಿಸಿ ಹೇಳಿದ್ದು ಒಂದೇ ಮಾತು: "ಬರೋ ವರ್ಷದ ಹುಣ್ಣಿಮೆ ನನಗಿಲ್ಲ. ಈ ವರ್ಷದ್ದು ಕುಂಡಕ್ಕೆ ಹಾಕಲ್ಲ. ಮಕ್ಕಳ ಕೈಯಿಂದ ಗದ್ದೆಗೆ ಹಾಕಿಸ್ತೀನಿ. ಇಲ್ದಿದ್ರೆ ಇದು ನನ್ನ ಜೊತೆಗೇ ಹೋಗುತ್ತೆ."

ಯಾರ ಗದ್ದೆ ಎಂದು ನನ್ನ ಗಂಡ ಕೇಳಿದರು. ನೋಡೋಣ ಎಂದರು ಅತ್ತೆ.

ನನ್ನ ಮಗಳಿಗೆ ಆಗ ಹತ್ತು, ಮಗನಿಗೆ ಆರು. ಆಯನೂರಿನ ದಾರಿಯಲ್ಲಿ ಹೊಸದಾಗಿ ಆಗಿದ್ದ ಫಾರ್ಮ್ ಪಾರ್ಕಿಗೆ ಹೋಗೋಣವೆಂದು ಇಬ್ಬರೂ ತಿಂಗಳಿಂದ ಜೀವ ತಿನ್ನುತ್ತಿದ್ದರು. ಮೊಲಕ್ಕೆ ಸೊಪ್ಪು ತಿನ್ನಿಸುವುದು, ಟ್ರ್ಯಾಕ್ಟರ್ ಸವಾರಿ, ಕೆಸರುಗದ್ದೆಯಲ್ಲಿ ಓಟ, ಎಲ್ಲದರ ವಿಡಿಯೋ ನನ್ನ ಫೋನಿನಲ್ಲಿತ್ತು. ಒಂದು ದಿನ ಅಜ್ಜಿಗೂ ತೋರಿಸಿದರು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಅಲ್ಲಿ ಗದ್ದೆ ಇದೆಯಾ ಎಂದು ಕೇಳಿದರು. ಇದೆ ಅಜ್ಜಿ, ಭತ್ತದ್ದೇ ಗದ್ದೆ ಎಂದಳು ಮಗಳು. ಅಲ್ಲಿಗೆ ತೀರ್ಮಾನವಾಯಿತು. ಹುಣ್ಣಿಮೆ ಆಸ್ಪತ್ರೆಯ ದಿನವಾಗಿರಲಿಲ್ಲ, ಮರುದಿನ ಆಸ್ಪತ್ರೆ. ನಮ್ಮ ಪಿಕ್‌ನಿಕ್ಕೂ ಅತ್ತೆಯ ಹಬ್ಬವೂ ಒಂದೇ ಕಾರು ಹತ್ತಿದವು.

ಹಿಂದಿನ ವಾರವೆಲ್ಲ ಅವರು ಬುಟ್ಟಿಗೆ ಚಿತ್ತಾರ ಬರೆದರು. ಗೆರೆ ಸೊಟ್ಟಗಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಬೆಳಗಿನ ಜಾವಕ್ಕೇ ಎದ್ದು ಸ್ಟೂಲಿನ ಮೇಲೆ ಕೂತು ನನ್ನ ಕೈಯಲ್ಲಿ ಅಡುಗೆ ಮಾಡಿಸಿದರು. ತಾವು ವರ್ಷಗಳಿಂದ ಮುಟ್ಟದ ಹರಿವೆ, ನುಗ್ಗೆ, ಕೆಸುವಿನ ಕುಡಿಗಳು ಕುದಿಯುವಾಗ ಮುಚ್ಚಳ ತೆಗೆಸಿ ವಾಸನೆ ನೋಡಿ, ಇನ್ನೂ ಸ್ವಲ್ಪ ಬೇಯಲಿ ಎಂದರು.

ಪಾರ್ಕಿನ ಗೇಟಿನಲ್ಲೇ ತಕರಾರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಕಾವಲಿನವರು ಬೋರ್ಡು ತೋರಿಸಿದರು. ಬುಟ್ಟಿ ಕಾರಿನಲ್ಲಿಡೋಣವೆಂದು ನನ್ನ ಗಂಡ ತಮ್ಮ ಎಂದಿನ ರಾಜಿಗೆ ಬಂದರು. ನಾನು ಕಾವಲಿನವರ ಜೊತೆ ಜಗಳಕ್ಕೆ ನಿಂತೆ. ಟಿಕೆಟ್ ತಗೊಂಡವರನ್ನು ತಡೆಯುವುದು ಯಾವ ನ್ಯಾಯ ಎಂದೆಲ್ಲ ಅಂದೆ. ಹಿಂದೆ ಸಾಲು ಬೆಳೆಯಿತು. ಟೀ ಶರ್ಟಿನ ಮ್ಯಾನೇಜರ್ ಹುಡುಗ ಓಡಿಬಂದು, ಒಳಗೇ ರೆಸ್ಟೋರೆಂಟ್ ಇದೆ ಮೇಡಂ ಎಂದ. ಅಷ್ಟರಲ್ಲಿ ಅತ್ತೆ ಕಾವಲಿನವರ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ದಾರಿಯ ನಡುವೆ ಕೂತು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗಿತ್ತು.

"ಇದು ನಮ್ಮ ಊಟ ಅಲ್ಲಪ್ಪ, ನಿಮ್ಮ ಗದ್ದೆ ಊಟ," ಎಂದರು. "ನಿಮ್ಮ ಹೋಟೆಲಲ್ಲಿ ಗದ್ದೆಗೆ ಏನು ಕೊಡ್ತೀರಿ ಹೇಳು, ಅದನ್ನೇ ತಗೊಳ್ತೀನಿ."

ಹುಡುಗ ನನ್ನ ಮುಖ ನೋಡಿದ. ನಾನು ಸಹಾಯ ಮಾಡಲಿಲ್ಲ. ಇವತ್ತು ಭೂಮಿ ಹುಣ್ಣಿಮೆ ಅಲ್ವಾ ಎಂದು ಸಾಲಿನಲ್ಲಿದ್ದ ಒಬ್ಬರು ಹೇಳಿದ್ದೇ ಅವನಿಗೆ ಸಾಕಾಯಿತು. ರೆಸ್ಟೋರೆಂಟಿನ ಹತ್ತಿರ ತೆರೆಯಬೇಡಿ ಎಂದು ಕೇಳಿಕೊಂಡು ಒಳಗೆ ಬಿಟ್ಟ. ಗದ್ದೆ ಯಾವ ಕಡೆ ಎಂದು ತೋರಿಸಲು ತಾನೇ ಮುಂದೆ ನಡೆದ.

ಮಕ್ಕಳು ಮೊಲದ ಗೂಡಿನ ಕಡೆ ಎಳೆಯುತ್ತಿದ್ದರೂ ಅತ್ತೆ ಮೊದಲು ಗದ್ದೆ ಎಂದರು. ಬಾತುಕೋಳಿಯ ಕೊಳ, ಬಣ್ಣದ ಉಯ್ಯಾಲೆ ದಾಟಿ ಹೋದರೆ ಒಂದು ಬದಿಯಲ್ಲಿ ಕೆಸರಾಟ, ಸ್ಪೀಕರಿನಲ್ಲಿ ಹಾಡು. ಅದರ ಪಕ್ಕದಲ್ಲಿ ಹಗ್ಗ ಕಟ್ಟಿದ ಒಂದು ತುಂಡು ಗದ್ದೆ. ಅದರಲ್ಲಿ ಗೇಣುದ್ದದ ಸಸಿಗಳು ಆಗಷ್ಟೇ ನೆಟ್ಟವು, ಕೆಲವು ನೀರಲ್ಲಿ ಮಲಗಿದ್ದವು. ಅತ್ತೆ ಬಗ್ಗಿ ಒಂದನ್ನು ಬೆರಳಲ್ಲಿ ಎತ್ತಿ ನಿಲ್ಲಿಸಿದರು.

"ಇದು ಇನ್ನೂ ಕೂಸು," ಎಂದರು. "ಕೂಸಿಗೆ ಯಾರಾದರೂ ಸೀಮಂತ ಮಾಡ್ತಾರಾ?"

ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಹುಣ್ಣಿಮೆ ಬಂದಿತೆಂದರೆ ಊರಿನ ಭತ್ತವೆಲ್ಲ ಹೊಡೆ ತುಂಬಿರುತ್ತದೆ ಎಂದು ಅತ್ತೆಯೇ ನಂಬಿದ್ದರು. ಮ್ಯಾನೇಜರ್ ಹುಡುಗ ಹೆಮ್ಮೆಯಿಂದಲೇ ವಿವರಿಸಿದ. ನಾಟಿ ಮಾಡುವುದು ಮಕ್ಕಳ ಆಕ್ಟಿವಿಟಿಯಂತೆ. ನೆಟ್ಟ ಸಸಿಗಳು ತುಳಿದು ಹಾಳಾದರೆ ಕಿತ್ತು, ಮತ್ತೆ ಹೊಸ ಸಸಿ ತರಿಸುತ್ತಾರಂತೆ. ವರ್ಷವಿಡೀ ನಡೆಯುತ್ತದಂತೆ. ಅತ್ತೆ ತಾವು ಎತ್ತಿ ನಿಲ್ಲಿಸಿದ್ದ ಸಸಿಯ ಬುಡಕ್ಕೆ ಕೆಸರು ಒತ್ತಿದರು. ಆಮೇಲೆ ನನಗಷ್ಟೇ ಕೇಳುವಂತೆ, "ಪಾಪ, ಇದನ್ನ ಹೆರೋಕ್ಕೇ ಬಿಡಲ್ವಲ್ಲೇ ಮಾರಾಯ್ತಿ," ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ.

ಎಲ್ಲಾ ಭೂಮಿಯೂ ಒಂದೇ ಅಲ್ವಾ ಅಮ್ಮ, ಇಲ್ಲೇ ಹಾಕಿಬಿಡೋಣ ಎಂದರು ನನ್ನ ಗಂಡ. ಅತ್ತೆ ಕಣ್ಣೊರೆಸಿಕೊಂಡು ಸುತ್ತ ನೋಡುತ್ತಿದ್ದರು. ಬೇಲಿಯಾಚೆ ಕೆರೆಯ ಕೆಳಗಿನ ಗದ್ದೆಬಯಲು. ಎದೆಮಟ್ಟ ಬೆಳೆದ ಪೈರು ಗಾಳಿಗೆ ನಿಧಾನ ತೂಗುತ್ತಿತ್ತು. ಆ ಕಡೆ ಹೋಗೋಕೆ ದಾರಿ ಇದೆಯಾ ಎಂದು ಅವರು ಕೇಳಿದರು. ಶೌಚಾಲಯದ ಹಿಂದೆ ಕೆಲಸದವರ ಚಿಕ್ಕ ಗೇಟಿತ್ತು.

ಬದುವಿನ ಮೇಲೆ ನಡೆಯುವುದು ನನಗೆ ಹೊಸದು. ಅತ್ತೆಯ ಡಯಾಲಿಸಿಸ್ಸಿನ ಕೈಯಲ್ಲಿ ಭಾರ ಹಿಡಿಯುವಂತಿರಲಿಲ್ಲವಾದ್ದರಿಂದ ಬುಟ್ಟಿ ನನ್ನ ತಲೆಗೆ ಬಂದಿತ್ತು. ಮಕ್ಕಳು ಚಪ್ಪಲಿ ಬಿಚ್ಚಿ ಮುಂದೆ ಓಡಿದರು. ಅತ್ತೆಯ ಪಾದ ಊದಿಕೊಂಡಿತ್ತು, ಉಸಿರು ಸಾಲುತ್ತಿರಲಿಲ್ಲ, ನನ್ನ ಗಂಡನ ಹೆಗಲು ಹಿಡಿದು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದರು. ಅರ್ಧ ದಾರಿಯಲ್ಲಿ ಬದುವಿನ ಮೇಲೆ ಕೂತೇಬಿಟ್ಟರು. ನೀನಿಲ್ಲೇ ಇರು, ನಾನು ಹಾಕಿ ಬರ್ತೀನಿ ಎಂದರು ನನ್ನ ಗಂಡ. ನೀನು ಹಾಕೋದನ್ನ ಚಿಕ್ಕವನಿದ್ದಾಗಲೇ ನೋಡಿದೀನಿ, ಮಕ್ಕಳು ಹಾಕೋದನ್ನ ನೋಡ್ಬೇಕು ಎಂದು ಅತ್ತೆ ಎದ್ದು ನಿಂತರು.

ಗದ್ದೆಯಂಚಿನಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು ದನಕ್ಕೆ ಹುಲ್ಲು ಕೊಯ್ಯುತ್ತಿದ್ದರು. ಗದ್ದೆ ಅವರದೇ. ತಲೆಯ ಮೇಲೆ ಚಿತ್ತಾರದ ಬುಟ್ಟಿ ಹೊತ್ತು ಪಾರ್ಕಿನ ಒಳಗಿಂದ ಬಂದ ನಮ್ಮನ್ನು ಕಂಡು ಕತ್ತಿ ಹಿಡಿದೇ ನಿಂತರು. ಅತ್ತೆ ಉಸಿರು ತಿರುಗುವವರೆಗೆ ಕಾದು, ನಮಗೆ ನೆಲವಿಲ್ಲ, ನಿಮ್ಮ ಗದ್ದೆಗೆ ಮಕ್ಕಳ ಕೈಯಿಂದ ಒಂದು ತುತ್ತು ಹಾಕಿಸ್ತೀನಿ ಎಂದು ಕೇಳಿದರು. ಆ ಹೆಂಗಸಿಗೆ ಇಷ್ಟವಾಗಲಿಲ್ಲ. ಗುರುತಿಲ್ಲದವರು ಬಂದು ಪೈರಿಗೆ ಏನೋ ಹಾಕಿ ಹೋಗುವುದೆಂದರೆ ಯಾವ ಒಕ್ಕಲಿಗೂ ಅನುಮಾನವೇ. ಬೆಳಗ್ಗೇನೇ ನಾವು ಉಣ್ಣಿಸಿ ಆಗಿದೆ, ಬೇಡ ಎಂದರು.

ಅತ್ತೆ ತಲೆಯಾಡಿಸಿದರು. "ಸರಿ ಕಣವ್ವ. ಆದ್ರೆ ಬಸುರಿಗೆ ಎರಡು ಮನೆ ಊಟ ಜಾಸ್ತಿ ಆಗುತ್ತಾ? ನೀನೇ ಹೇಳು."

ಆ ಹೆಂಗಸು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ, ನಕ್ಕರು. ಕತ್ತಿಯನ್ನು ಹುಲ್ಲಿನ ಮೇಲೆ ಹಾಕಿ, ಬನ್ನಿ ಎಂದು ಅತ್ತೆಯ ಕೈ ಹಿಡಿದು ಬದು ಇಳಿಸಿದರು.

ಅತ್ತೆ ಒಂದು ತೆನೆಯ ಹೊಡೆಯನ್ನು ಸವರಿ ಮಕ್ಕಳ ಬೆರಳಿಗೂ ಸವರಿಸಿದರು. ಬಸುರಿಗೆ ಒಡವೆ ಇಡುವ ಹಾಗೆ, ಹೊರಡುವವರೆಗೆ ಇರಲೆಂದು ಕೊರಳ ಸರ ತೆಗೆದು ಒಂದು ಪೈರಿನ ಬುಡಕ್ಕೆ ತೊಡಿಸಿದರು. ನನ್ನ ಮಗ ಹಚ್ಚಂಬಲಿಯನ್ನು ಕ್ರಿಕೆಟ್ ಚೆಂಡಿನ ಹಾಗೆ ಬೀಸಿ ಎಸೆದ. ಅತ್ತೆ ಅವನ ಕೈ ಹಿಡಿದುಕೊಂಡರು.

"ಹಂಗೆ ಎಸೀಬಾರದು ಮಗಾ. ಉಣ್ಣೋರಿಗೆ ಎಸೀತಾರಾ? ಬಗ್ಗಿ ಹಾಕು. ಹಾಕ್ತಾ ಕರಿ, ಭೂಮ್ತಾಯಿ ಉಣ್ಣವ್ವ ಅಂತ."

ಮಗಳು ನಾಚಿಕೊಂಡು ಪಿಸುಗುಟ್ಟಿದಳು. ಅಷ್ಟಕ್ಕೆ ಯಾರೂ ಎದ್ದು ಬರಲ್ಲ ಎಂದರು ಅತ್ತೆ. ಆಮೇಲೆ ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ಪಾರ್ಕಿನ ಬೇಲಿಗೆ ಬೇರೆ ಮಕ್ಕಳು ಬಂದು ಆತುಕೊಂಡರು. ಹಾಡು ಹಾಕಿದ್ದ ಸ್ಪೀಕರನ್ನು ಆ ಮ್ಯಾನೇಜರ್ ಹುಡುಗ ಯಾವಾಗ ನಿಲ್ಲಿಸಿದನೋ ತಿಳಿಯಲಿಲ್ಲ.

ಬದುವಿನ ಮೇಲೆ ಕೂತು ಎಲ್ಲರೂ ಉಂಡೆವು, ಆ ಹೆಂಗಸೂ ಕೂತರು. ಅತ್ತೆ ತಾವೇ ಬಡಿಸಿದರು. ಕೊನೆಗೆ ಒಂದು ಇಡೀ ಕಡುಬು ಎತ್ತಿ, ಅದರ ಮೇಲೆ ಸೊಪ್ಪಿನ ಹಚ್ಚಂಬಲಿ ಹಾಕಿಕೊಂಡು, ನನ್ನ ಕಣ್ಣನ್ನೇ ನೋಡುತ್ತ ತಿಂದರು. "ನಾಳೆ ಮಿಷನ್ ಇದೆಯಲ್ಲ, ತೆಗೀಲಿ," ಎಂದರು. ನಾನು ಬೇಡವೆನ್ನಲಿಲ್ಲ. ಅಷ್ಟು ಖುಷಿಯಾಗಿ ಅವರು ಊಟ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ, ತಡೆಯುವ ಮನಸ್ಸಾದರೂ ಎಲ್ಲಿಂದ ಬರಬೇಕು.

ಸಂಜೆಯವರೆಗೆ ಮಕ್ಕಳು ಪಾರ್ಕಿನಲ್ಲಿ ಆಡಿದರು. ಟ್ರ್ಯಾಕ್ಟರಿನಲ್ಲಿ ಸುತ್ತಿದರು, ಮೊಲಕ್ಕೆ ತಿನ್ನಿಸಿದರು, ಕೆಸರಲ್ಲಿ ಹೊರಳಿ ಗುರುತು ಸಿಗದ ಹಾಗಾದರು. ಅತ್ತೆ ನೆರಳಲ್ಲಿ ಕಾಲು ಚಾಚಿ ಕೂತು, ಒಂದು ಮೂಲೆಯನ್ನಾದರೂ ತುಳಿಯದೆ ಬಿಟ್ಟು ತೆನೆ ಕಟ್ಟಲು ಬಿಡು ಎಂದು ಆ ಮ್ಯಾನೇಜರನಿಗೆ ಬುದ್ಧಿ ಹೇಳುತ್ತಿದ್ದರು. ಅವನು ಆಗಲಿ ಅಜ್ಜಿ ಎಂದ. ಮಾಡಲಿಲ್ಲ ಬಿಡಿ.

ಯುಗಾದಿ ಕಳೆದು ಕೆಲವೇ ದಿನಕ್ಕೆ ಅತ್ತೆ ಹೋದರು. ಬೆಳಗ್ಗೆ ಕಾಫಿಗೆ ಎಬ್ಬಿಸಲು ಹೋದರೆ ಏಳಲಿಲ್ಲ. ನಾನು ಅಷ್ಟು ಅಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ನನ್ನ ಜೊತೆ ಸರಿಸಮ ಮಾತಾಡುವವರು ಆ ಮನೆಯಲ್ಲಿ ಇನ್ಯಾರೂ ಉಳಿದಿರಲಿಲ್ಲ.

ದಸರೆ ಹತ್ತಿರವಾಗುತ್ತಿದ್ದಂತೆ ನಾನು ಬುಟ್ಟಿ ಇಳಿಸಿ ಕೆಮ್ಮಣ್ಣು ಕಲಸಿದೆ. ನನ್ನ ಗಂಡನ ಚಿಕ್ಕಪ್ಪ ಅದನ್ನು ನೋಡಿ ಬೇಜಾರು ಮಾಡಿಕೊಂಡರು. ಸಾವಾದ ಮನೆ, ವರ್ಷ ತುಂಬುವವರೆಗೆ ಹಬ್ಬ ಮಾಡುವಂತಿಲ್ಲ, ಮುಂದಿನ ವರ್ಷ ಮಾಡಿದರಾಯಿತು ಎಂದರು. ಅವರು ಹೇಳಿದ್ದು ವಾಡಿಕೆಯೇ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮೊದಲ ವರ್ಷವೇ ಬಿಟ್ಟರೆ ಎರಡನೇ ವರ್ಷಕ್ಕೆ ಮಕ್ಕಳಿಗೆ ಪರೀಕ್ಷೆ ಬರುತ್ತದೆ, ಮೂರನೇ ವರ್ಷಕ್ಕೆ ನನಗೆ ನೆಗಡಿ ಬರುತ್ತದೆ. ನನ್ನ ಆಲಸ್ಯ ನನಗೆ ಗೊತ್ತಿಲ್ಲವೇ? ಹಬ್ಬ ಮನೆಗೆ ಬೇಡ ಚಿಕ್ಕಪ್ಪ, ಭತ್ತ ನಮ್ಮ ವರ್ಷ ತುಂಬಲಿ ಅಂತ ಕಾಯಲ್ವಲ್ಲ ಎಂದೆ. ಅವರು ಎದ್ದು ಹೋದರು. ನನ್ನ ಗಂಡ ಪೇಪರ್ ಮಡಚಿಟ್ಟು, ಕೆಸುವಿನ ಕುಡಿ ಎಲ್ಲಿ ಸಿಗುತ್ತೆ ಎಂದು ಕೇಳಿದರು.

ಈ ಸಲ ಪಾರ್ಕಿಗೆ ಹೋಗದೆ, ಕೆರೆ ಏರಿಯ ಕಡೆಯಿಂದ ನೇರವಾಗಿ ಗದ್ದೆಗೆ ಹೋದೆವು. ಆ ಹೆಂಗಸು ಅಲ್ಲೇ ಇದ್ದರು. ದೂರದಿಂದಲೇ ಗುರುತು ಹಿಡಿದು ನಕ್ಕು, ನಮ್ಮ ಹಿಂದೆ ಇನ್ನೊಬ್ಬರಿಗಾಗಿ ನೋಡಿದರು. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತೇನೋ. ತುಂಬಿದ ಪೈರಿನ ಎದುರು ಸುಳ್ಳಾಗುವುದು ನನ್ನಿಂದಾಗಲಿಲ್ಲ. ಅತ್ತೆ ಯುಗಾದಿ ಆದ ಮೇಲೆ ಹೋಗಿಬಿಟ್ಟರು, ನಮಗಿನ್ನೂ ವರ್ಷ ತುಂಬಿಲ್ಲ, ನಿಮ್ಮ ಗದ್ದೆಗೆ ಬೇಡ ಅನಿಸಿದರೆ ವಾಪಸು ಹೋಗ್ತೀನಿ ಎಂದೆ.

ಅವರು ಪೈರಿನ ಕಡೆ ನೋಡಿದರು, ನನ್ನ ಮಕ್ಕಳನ್ನು ನೋಡಿದರು. ನನ್ನ ತಲೆಯ ಮೇಲಿನ ಬುಟ್ಟಿ ಭಾರವಾಗತೊಡಗಿತು.

"ನಿಮ್ಮ ಕೈಯಿಂದ ಬೇಡಕ್ಕಾ," ಎಂದರು ಕೊನೆಗೆ. ನಾನು ತಿರುಗಲು ಹೊರಟಾಗ ಎರಡೂ ಕೈ ಚಾಚಿ ಬುಟ್ಟಿಯನ್ನು ಇಳಿಸಿಕೊಂಡು ತಮ್ಮ ಸೊಂಟಕ್ಕಿಟ್ಟುಕೊಂಡರು. "ನಾನು ಹಾಕ್ತೀನಿ. ಅವರದೇ ಅಂತ ಹಾಕ್ತೀನಿ. ಅವರ ಹೆಸರೇನು?"

ಅತ್ತೆಯ ಹೆಸರನ್ನು ಸೊಸೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಬಿಟ್ಟರೆ ನಾನು ಎಲ್ಲಿಯೂ ಹೇಳಿರಲಿಲ್ಲ. ಅಂದು ಹೇಳಿದೆ. ಅವರು ಪೈರಿನೊಳಗೆ ಇಳಿದು, ಬಗ್ಗಿ, ಮೊದಲ ತುತ್ತು ಹಾಕಿ, ಆ ಹೆಸರನ್ನು ಬಯಲಿಗೆಲ್ಲ ಕೇಳುವಂತೆ ಕೂಗಿ, ಕಳಿಸಿದಾರೆ, ಉಣ್ಣವ್ವ ಎಂದರು. ಬದುವಿನ ಮೇಲೆ ನಿಂತ ನನ್ನ ಇಬ್ಬರು ಮಕ್ಕಳೂ ಅಜ್ಜಿಯ ಹೆಸರು ಹಿಡಿದು ಕೂಗಿದರು. ಆಮೇಲೆ ನಾನೂ ಕೂಗಿದೆ.